ಪಡಸಾಲೆಯ ಲ್ಯಾಪ್‌ಟಾಪ್ ದವಾಖಾನೆ

ಕೆಲವರ ಬಾಗಿಲಿಗೆ ವೋಟು ಕೇಳುವವರು ಬರುತ್ತಾರೆ, ಕೆಲವರ ಬಾಗಿಲಿಗೆ ಹೆಣ್ಣು ಕೇಳುವವರು ಬರುತ್ತಾರೆ. ನನ್ನ ಬಾಗಿಲಿಗೆ ಮಾತ್ರ ಕೆಟ್ಟ ಮಷೀನುಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಾನು ಕರೆಯುವುದಿಲ್ಲ. ಅವಕ್ಕೆ ನನ್ನ ವಾಸನೆ ಹತ್ತುತ್ತದೆ.

ನಾನು ಸಾಲಿ ಕಟ್ಟೆ ಹತ್ತಿದವನಲ್ಲ. ಲಾರಿಗಳ ಹಿಂದೆ ಬರೆದದ್ದನ್ನು ನೋಡಿ ನೋಡಿ ಅಕ್ಷರ ಕಲಿತೆ. ಅದಕ್ಕೇ ನಿಂತ ಅಕ್ಷರಕ್ಕಿಂತ ಓಡುವ ಅಕ್ಷರ ನನಗೆ ಸಲೀಸು. ಆಯುಷ್ಯವೆಲ್ಲ ಕಳೆದದ್ದು ದಾಂಡೇಲಿಯ ಪೇಪರ್ ಮಿಲ್ಲಿನಲ್ಲಿ, ಬಿದಿರು ಕತ್ತರಿಸುವ ಮಷೀನಿನ ಮುಂದೆ. ಆ ಮಷೀನು ನಾನು ಕೆಮ್ಮಿದರೆ ಚಾಲೂ ಆಗುತ್ತಿತ್ತು, ಸೀನಿದರೆ ನಿಲ್ಲುತ್ತಿತ್ತು. ನನಗೆ ನೆಗಡಿಯಾದರೆ ಸಾಹೇಬರು ಕೈಮುಗಿದು ಮನೆಗೆ ಕಳಿಸುತ್ತಿದ್ದರು. ಸುಳ್ಳು ಅನಿಸಿದರೆ ನಮ್ಮ ಓಣಿ ಅಂಬೇವಾಡಿಯಲ್ಲಿ ನನಗಿಂತ ಹಿರಿಯರನ್ನು ಕೇಳಿ ನೋಡಿ. ಅವರು ಯಾರೂ ಈಗ ಉಳಿದಿಲ್ಲ, ಆದರೂ ಕೇಳಿ.

ನಮ್ಮ ಸೊಸೆ ಹುಬ್ಬಳ್ಳಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಕಲಿತವಳು. ನಾಗಪಂಚಮಿ ಮುಗಿದದ್ದೇ ನಮ್ಮ ಪಡಸಾಲೆಯಲ್ಲಿ ಅಂಗಡಿ ತೆರೆದಳು. ಆ ಪಡಸಾಲೆ ನಮ್ಮ ಮುದುಕಿ, ಅಂದರೆ ನನ್ನ ಹೆಂಡತಿ, ಹಪ್ಪಳ ಒತ್ತುವ ಜಾಗ. ಅವಳು ಜಾಗ ಬಿಟ್ಟುಕೊಟ್ಟಳು, ಆದರೆ ಕರಾರಿನ ಮೇಲೆ.

"ದೀಪಾವಳಿ ಪಾಡ್ಯದ ತನಕ ಕೊಟ್ಟೇನಿ. ಅಷ್ಟರಾಗ ದಾಂಡೇಲಿ ಊರಾಗಿಂದ ಒಬ್ಬರರ ಬಂದು ನಿಮ್ಮ ಕಡೆ ರಿಪೇರಿ ಮಾಡಿಸಿಕೊಂಡು ಹೋಗಬೇಕು. ಸ್ವಂತ ಊರಿನ ಮಂದಿನ ನಂಬದ ಅಂಗಡಿ ಎದಕ್ಕ ಬೇಕು? ಇಲ್ಲಂದ್ರ ಪಾಡ್ಯದ ಮುಂಜಾನಿ ನನ್ನ ಹಪ್ಪಳ ಪಡಸಾಲ್ಯಾಗ, ನಿಮ್ಮ ಲ್ಯಾಪ್‌ಟಾಪ್ ಅಟ್ಟದ ಮ್ಯಾಲೆ!"

ಇದ್ಯಾವ ದೊಡ್ಡ ಕರಾರು ಅಂದುಕೊಂಡೆವು. ಆದರೆ ಊರ ಮಂದಿಯೆಲ್ಲ ಮೇನ್ ರೋಡಿನ ದೊಡ್ಡ ಅಂಗಡಿಗೇ ಹೋಗುವವರು. ಆ ಅಂಗಡಿಯವನು ನಮ್ಮ ಕರಾರಿನ ಸುದ್ದಿ ಕೇಳಿ, ಚಹಾದ ಗಾಡಿಯ ಮುಂದೆ ನಿಂತು, "ಅಲ್ಲಿ ಸೊಸಿ ಸ್ಕ್ರೂ ತೆಗೀತಾಳ, ಮುದುಕ ಕಳೀತಾನ. ಪಾಡ್ಯ ದಾಟೂದಿಲ್ಲ ನೋಡ್ರಿ," ಎಂದು ಹೇಳಿದನಂತೆ. ಸೊಸೆಗೆ ಸಿಟ್ಟು ಬಂತು, ನನಗೆ ಹುರುಪು ಬಂತು. ಆವತ್ತೇ ಕೆಲಸ ಹಂಚಿಕೊಂಡೆವು: ಸ್ಕ್ರೂಡ್ರೈವರ್ ಅವಳದು, ಬಾಯಿ ನನ್ನದು.

ಪೈಲವಾನನ ಹೆಬ್ಬೆರಳು

ಮೊದಲ ಗಿರಾಕಿ ಹಳಿಯಾಳದ ಒಬ್ಬ ಪೈಲವಾನ. ಮೇನ್ ರೋಡಿನ ಅಂಗಡಿಗೇ ಹೋಗಿದ್ದನಂತೆ, ಅವರ ಗಾಜಿನ ಬಾಗಿಲಲ್ಲಿ ಮೈ ಹಿಡಿಸಲಿಲ್ಲ. ನಮ್ಮದು ಹಳೇ ಕಾಲದ ಜೋಡಿ ಬಾಗಿಲು. ಎರಡೂ ತೆಗೆದು, ಸ್ವಲ್ಪ ಓರೆಯಾಗಿ ಒಳಗೆ ತೊಗೊಂಡೆವು.

"ಕುಸ್ತಿ ಜೋಡಿ ಹಚ್ಚೂ ಲೆಕ್ಕ ಎಲ್ಲಾ ಇದರಾಗ ಐತ್ರಿ ಅಕ್ಕಾರ. ಚಾಲೂನ ಆಗವಲ್ದು," ಎಂದ.

"ನೀವೇನರ ಮಾಡಿದ್ರೇನು?" ಸೊಸೆ ಕೇಳಿದಳು.

"ಏನಿಲ್ರಿ. ಬಟನ್ ಒತ್ತಿದೆ, ಆಗಲಿಲ್ಲ. ಹಗರಕ ಒತ್ತಿದೆ ಏನೋ ಅಂತ, ಮತ್ತೊಮ್ಮೆ ಸ್ವಲ್ಪ ಗಟ್ಟಿ ಒತ್ತಿದೆ."

ಸೊಸೆ ಮುಚ್ಚಳ ಎತ್ತಿದಳು. ಬಟನ್ ಇರಬೇಕಾದ ಕಡೆ ತೂತು ಇತ್ತು. ನಾನು ಆ ತೂತಿಗೆ ಕಣ್ಣು ಹಚ್ಚಿದೆ, ನಮ್ಮ ಪಡಸಾಲೆಯ ನೆಲ ಕಾಣಿಸಿತು.

"ಪೈಲವಾನರ, ಇದು ಸ್ವಲ್ಪ ಗಟ್ಟಿ ಏನು? ಪೂರಾ ಗಟ್ಟಿ ಒತ್ತಿದ್ದರ ಭೂಮಿ ಆಕಡೆ ಯಾರದೋ ಲ್ಯಾಪ್‌ಟಾಪ್ ಚಾಲೂ ಆಗತಿತ್ತು!"

ಪೈಲವಾನ ನಾಚಿ ತಲೆ ತಗ್ಗಿಸಿದ. ಸೊಸೆ ಎಲ್ಲಾ ನೋಡಿ, "ಅಣ್ಣಾ, ಮೊದಲ ಇದರಾಗ ಚಾರ್ಜ್ ಇರಲಿಲ್ಲ. ವೈರ್ ಹಚ್ಚಿದ್ದರ ಸಾಕಿತ್ತು," ಎಂದಳು. ಆಮೇಲೆ ಮೂರನೇ ದಿನಕ್ಕೆ ಬೇರೆ ಬಟನ್ ತರಿಸಿ ಕೂಡಿಸಿದಳು. ಬೆಳಕು ಬಂತು, ಸಂಗೀತ ಬಂತು, ಪೈಲವಾನನ ಕಣ್ಣಲ್ಲಿ ನೀರು ಬಂತು. ಬಾಚಿಕೊಳ್ಳಲು ಕೈ ಚಾಚಿದ.

"ಮುಟ್ಟಬ್ಯಾಡ್ರಿ!" ಎಂದಳು ಸೊಸೆ. "ಮೊದಲ ಒತ್ತೂದು ಕಲೀರಿ, ಆಮ್ಯಾಲೆ ಒಯ್ರಿ."

ಎಲ್ಲಿ ಕಲಿಯಬೇಕು? ಮುದುಕಿ ಅಡುಗೆಮನೆಯ ಬಾಗಿಲಲ್ಲಿ ಹಪ್ಪಳದ ಉಂಡೆ ಕಟ್ಟಿಕೊಂಡು ಕೂತಿದ್ದಳು. ನಾನು ಪೈಲವಾನನನ್ನು ಅವಳ ಮುಂದೆ ಕೂಡಿಸಿದೆ. ಮೊದಲ ಉಂಡೆ ಒತ್ತಿದ, ಅದು ಮಣೆಯೊಳಗೇ ಹೋಗಿಬಿಟ್ಟಿತು. ಮುದುಕಿ ಲಟ್ಟಣಿಗೆ ಎತ್ತಿದಳು. ಆತ ಹೆದರಿ ಎರಡನೆಯದನ್ನು ಹಗುರ ಒತ್ತಿದ. ಮೂರನೆಯದು ಇನ್ನೂ ಹಗುರ. ಹೊತ್ತು ಇಳಿಯುವುದರೊಳಗೆ ಎಂಥ ತೆಳ್ಳನೆಯ ಹಪ್ಪಳ ಒತ್ತಿದ ಅಂದರೆ, ಹಪ್ಪಳ ಎತ್ತಿ ಹಿಡಿದರೆ ಆಚೆ ಕೂತ ಮುದುಕಿಯ ಮೂಗುತಿಯ ಹರಳು ಎಣಿಸಬಹುದಿತ್ತು.

ಮುದುಕಿ ಕರಗಿಹೋದಳು. "ಯಾವ ಊರು ತಮ್ಮಾ ನಿಂದು?"

"ಹಳಿಯಾಳರೀ ಅವ್ವಾರ."

"ಅಯ್ಯ! ಹಾಳಾದ ಹಳಿಯಾಳ. ದಾಂಡೇಲಿ ಆಗಿದ್ದರ ಕರಾರ ಇವತ್ತ ಮುಗೀತಿತ್ತು."

ಮುಂದೆ ಆ ಪೈಲವಾನ ಕುಸ್ತಿಗೆ ಇಳಿದಾಗ ಎದುರಾಳಿಯನ್ನೂ ರೂಢಿಯ ಪ್ರಕಾರ ಹಗುರಕ್ಕೇ ಒತ್ತಿದನಂತೆ. ಆ ಎದುರಾಳಿಗೆ ಕಚಗುಳಿಯಾಗಿ, ಬಿದ್ದು ಬಿದ್ದು ನಕ್ಕು, ತಾನೇ ಬೆನ್ನು ಮಣ್ಣಿಗೆ ಹಚ್ಚಿಬಿಟ್ಟ.

ಎರಡು ಪಾಳಿಯ ಇರುವೆಗಳು

ಶ್ರಾವಣದ ಮಳೆ ಹಿಡಿದಿತ್ತು. ಜೋಯಿಡಾ ಕಡೆಯ ಒಬ್ಬ ಹೋಂಸ್ಟೇ ಮಾಲೀಕನ ಫೋನು ಬಂತು. "ಅಜ್ಜಾರ, ಪೈಲವಾನರು ನಿಮ್ಮ ನಂಬರ್ ಕೊಟ್ಟರು. ಪ್ರವಾಸಿಗಳ ಬುಕಿಂಗ್ ಎಲ್ಲಾ ಲ್ಯಾಪ್‌ಟಾಪಿನಾಗ ಐತಿ. ಅದು ಚಾಲೂ ಆಗವಲ್ದು, ಮ್ಯಾಲೆ ಒಳಗಿಂದ ಸರಸರ ಅಂತೈತಿ. ಮುಟ್ಟಾಕ ಹೆದರಿಕಿ."

ಸೊಸೆ ಚೀಲ ಹೆಗಲಿಗೇರಿಸಿದಳು, ನಾನು ಟೊಪ್ಪಿಗೆ ಏರಿಸಿದೆ. ಕುಳಗಿ ದಾಟಿ, ಕಾಡಿನೊಳಗೆ ಬಸ್ಸು ಹೊರಳಿ ಹೊರಳಿ ಹೋಗಿ ಮುಟ್ಟಿತು. ಮಾಲೀಕ ಲ್ಯಾಪ್‌ಟಾಪನ್ನು ಅಂಗಳದ ಮೇಜಿನ ಮೇಲೆ ಇಟ್ಟು ದೂರ ನಿಂತಿದ್ದ. ನಾನು ಹತ್ತಿರ ಹೋಗಿ ಕಿವಿ ಹಚ್ಚಿದೆ.

"ಒಳಗ ಮಂದಿ ಅದಾರ," ಎಂದೆ.

ಸೊಸೆ ಹಿಂಬದಿಯ ಸ್ಕ್ರೂ ತೆಗೆದು ತಗಡು ಎತ್ತಿದಳು. ಕೆಂಪಿರುವೆ! ಹೊರಗೆ ಮಳೆ, ಒಳಗೆ ಬೆಚ್ಚಗೆ. ಬ್ಯಾಟರಿಯ ಪಕ್ಕ ಒಂದು ಓಣಿ, ಫ್ಯಾನಿನ ಸುತ್ತ ಒಂದು ಓಣಿ ಮಾಡಿಕೊಂಡು ಸಂಸಾರ ಹೂಡಿದ್ದವು.

ಸೊಸೆ ಸ್ಟೂಲಿನ ಮೇಲೆ ಹತ್ತಿ ನಿಂತಳು. "ಮಾವಾರ, ಇದು ನಮ್ಮ ಕೋರ್ಸಿನಾಗ ಇರಲಿಲ್ಲ."

ಮಾಲೀಕ ಔಷಧಿಯ ಡಬ್ಬಿ ತಂದ. "ಹೊಡೀಲೇನ್ರಿ?"

"ಹೊಡದ್ರ ಒಳಗಿನ ಬೋರ್ಡ್ ಹೋಗ್ತೈತಿ," ಸ್ಟೂಲಿನ ಮೇಲಿನಿಂದಲೇ ಬೈದಳು ಸೊಸೆ.

ಈಗ ನನ್ನ ಸರದಿ. ಇರುವೆ ಅಂದರೆ ಯಾರು? ದುಡಿಯುವ ಮಂದಿ. ದುಡಿಯುವ ಮಂದಿಯನ್ನು ಮಷೀನಿನಿಂದ ಎಬ್ಬಿಸುವುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಲ್ಯಾಪ್‌ಟಾಪಿಗೆ ಒಂದು ಮಾವಿನ ಟೊಂಗೆ ಆನಿಸಿದೆ. ಎರಡೂ ಕೈ ಬಾಯಿಗೆ ಹಿಡಿದು, ಮಿಲ್ಲಿನಲ್ಲಿ ಪಾಳಿ ಮುಗಿದಾಗ ಕೂಗುತ್ತಿದ್ದ ಭೋಂಗಾದ ದನಿ ತೆಗೆದೆ: "ಭೋಂ...!"

ಏನು ಹೇಳಲಿ! ಇರುವೆಗಳು ಕೈಯಾಗಿನ ಕೆಲಸ ಅಲ್ಲೇ ಬಿಟ್ಟು ಸಾಲು ಹಚ್ಚಿದವು. ಒಂದು ನೂಕಾಟವಿಲ್ಲ, ಒಂದು ಜಗಳವಿಲ್ಲ. ಟೊಂಗೆಯ ಮೇಲೆ ಹತ್ತಿ, ಎಲೆಯೊಳಗೆ ಹೋಗಿ ಕೂತವು. ಸೊಸೆ ಬಾಯಿ ತೆರೆದು ನೋಡುತ್ತಿದ್ದಳು. ಅಷ್ಟರಲ್ಲಿ ಮೇಜಿನ ಕಾಲಿನ ಕೆಳಗೆ ನನ್ನ ಕಣ್ಣು ಹೋಯಿತು. ಅಲ್ಲಿ ಇನ್ನೊಂದು ಸಾಲು ಮೇಲೆ ಹತ್ತುತ್ತಿತ್ತು.

"ಯವ್ವಾ, ಎರಡನೇ ಪಾಳಿ ಬರಾಕತ್ತೈತಿ! ಮುಚ್ಚು, ಜಲ್ದಿ ಮುಚ್ಚು!"

ಸೊಸೆ ಸ್ಟೂಲಿನಿಂದ ಹಾರಿ, ಒಳಗೆಲ್ಲ ಬ್ರಶ್ ಆಡಿಸಿ, ತಗಡು ಕೂಡಿಸಿ, ಸ್ಕ್ರೂ ಬಿಗಿದಳು. ಬಟನ್ ಒತ್ತಿದಳು. ಚಾಲೂ! ಮಾಲೀಕ ಅಲ್ಲೇ ಕುಣಿದ. ಅವನ ತಾಯಿ, ಕೊಂಕಣಿ ಮಾತಾಡುವ ಹಣ್ಣುಹಣ್ಣು ಮುದುಕಿ, ಮಾತ್ರ ಲ್ಯಾಪ್‌ಟಾಪಿನ ಕಡೆ ನೋಡಲೇ ಇಲ್ಲ. ಎಲೆ ಮಡಚಿಕೊಂಡ ಆ ಟೊಂಗೆಯನ್ನು ಜ್ವಾಕೆಯಿಂದ ಎತ್ತಿ, "ಜೇವೂನ್ ವಚ," ಉಂಡು ಹೋಗು ಅಂತ ನನಗೆ ಹೇಳಿ ಒಳಗೆ ಹೋದಳು. ಆ ಕಡೆ ಕೆಂಪಿರುವೆಯ ಚಟ್ನಿ ಅಂದರೆ ಹಬ್ಬ.

ಆಮೇಲೆ ಹೊರಗಿನ ಸಾಲನ್ನೂ ಹಿಡಿದಳು ಮಹಾತಾಯಿ. ನಾನು ಎರಡೂ ಪಾಳಿಯ ಚಟ್ನಿ ರೊಟ್ಟಿಗೆ ಹಚ್ಚಿಕೊಂಡು ತಿಂದು ನೋಡಿದೆ. ರುಚಿ ಅಂದರೆ ಮೊದಲನೇ ಪಾಳಿಯದೇ. ಎರಡನೆಯದು ಸಪ್ಪೆ. ಪಾಪ, ಅವಿನ್ನೂ ಕೆಲಸಕ್ಕೇ ಹತ್ತಿರಲಿಲ್ಲ.

ಒರೆಸಬಾರದು

ದಸರಾ ಮುಗಿಯಿತು. ಹಳಿಯಾಳದವರು ಬಂದರು, ಜೋಯಿಡಾದವರು ಕರೆಸಿಕೊಂಡರು, ಊರವರು ಮಾತ್ರ ನಮ್ಮ ಬಾಗಿಲ ಮುಂದೆಯೇ ಹಾದು ಮೇನ್ ರೋಡಿಗೆ ಹೋದರು. ಮುದುಕಿ ದಿನಾ ಕೇಳುವಳು: "ದಾಂಡೇಲಿಯವರು?" ನಾವು ದಿನಾ ಕೆಮ್ಮುವೆವು.

ಒಂದು ದಿನ ಪಾಳಾ ಅನ್ನುವ ಊರಿನಿಂದ ಗೋವಿನಜೋಳದ ವ್ಯಾಪಾರಸ್ಥರೊಬ್ಬರು ಬಂದರು. ಕೈಯಲ್ಲಿ ಬಿಳೀ ಪಂಜೆಯ ಗಂಟು, ಅದರೊಳಗೆ ಲ್ಯಾಪ್‌ಟಾಪು, ಅದಕ್ಕೆ ಚೆಂಡುಹೂವಿನ ಮಾಲೆ. ಗಂಟನ್ನು ಮೇಜಿನ ಮೇಲಿಟ್ಟು ಚಪ್ಪಲಿ ಕಳಚಿ ಕೂತರು.

"ದಸರಾದಾಗ ಖಂಡೆ ಪೂಜಿಗೆ ಕೊಡಲಿ, ಕುಡಗೋಲು, ತಕ್ಕಡಿ, ಎಲ್ಲಾ ಇಟ್ಟಿದ್ವಿ. ಇದನ್ನೂ ಇಟ್ಟಿದ್ವಿ. ಅವತ್ತ ಕೂತದ್ದು ಇನ್ನೂ ಎದ್ದಿಲ್ಲ ನೋಡ್ರಿ."

ಸೊಸೆ ಮುಚ್ಚಳ ತೆಗೆದು ದಂಗಾದಳು. ಕೀಲಿಮಣೆಯ ಉದ್ದಕ್ಕೂ ಮೂರು ಬೆರಳಿನಲ್ಲಿ ಎಳೆದ ವಿಭೂತಿ. ತೆಳ್ಳಗಲ್ಲ, ಗೋಡೆಗೆ ಗಿಲಾಯಿ ಮಾಡಿದ ಹಾಗೆ, ನೀರಿನಲ್ಲಿ ಕಲಸಿ ಬಳಿದದ್ದು. ಒಣಗಿ ಗಟ್ಟಿಯಾಗಿತ್ತು. ಬಟನ್ ಎಲ್ಲಿದೆ ಅಂತ ಹುಡುಕಲು ಹೊಲ ಉತ್ತ ಹಾಗೆ ಉಳಬೇಕು.

"ಒರಸ್ತೇನಿ," ಸೊಸೆ ಬಟ್ಟೆ ತೊಗೊಂಡಳು.

ವ್ಯಾಪಾರಸ್ಥರು ಅವಳ ಕೈಯನ್ನೇ ಹಿಡಿದರು. "ತಂಗೀ, ಬ್ಯಾಡ! ಹಚ್ಚಿದ್ದು ನಮ್ಮವ್ವ. ವಿಭೂತಿ ಒರಸಿದ್ರ ಮನ್ಯಾಗ ಅನ್ನಾ ಹಾಕೂದಿಲ್ಲ ಅಂದಾಳ."

"ಒರಸದ ಹೆಂಗ ಚಾಲೂ ಮಾಡ್ಲಿ?"

"ಅದಕ್ಕ ನಿಮ್ಮ ಕಡೆ ಬಂದೇನಿ. ಮ್ಯಾಲೆ ಇದರಾಗ ಸಂತಿ ದಿನದ ಎಲ್ಲಾ ವ್ಯವಹಾರ ಐತಿ!"

ಇಬ್ಬರೂ ನನ್ನ ಮುಖ ನೋಡಿದರು. ನೋಡಲೇಬೇಕು. ನಾನು ಎದ್ದು, ಕೈಕಾಲು ತೊಳೆದುಕೊಂಡು ಬಂದು, ಲ್ಯಾಪ್‌ಟಾಪಿನ ಮುಂದೆ ಪದ್ಮಾಸನ ಹಾಕಿದೆ. ಮೂರು ಬೆರಳು ತೋಯಿಸಿ, ಕೀಲಿಮಣೆಯ ಮೇಲಿಂದ ವಿಭೂತಿ ತೆಗೆದು ನನ್ನ ಹಣೆಗೆ ಎಳೆದುಕೊಂಡೆ. ಆಮೇಲೆ ತೋಳಿಗೆ. ಆಮೇಲೆ ಎದೆಗೆ.

"ನಾವು ಒರಸೂದಿಲ್ಲ," ಎಂದೆ. "ಧರಿಸ್ತೇವಿ."

ವ್ಯಾಪಾರಸ್ಥರು ಗದಗದ ಆಗಿ ತಾವೂ ಧರಿಸಿದರು. ಸೊಸೆ ಧರಿಸಿದಳು. ಆದರೂ ಮುಗಿಯಲಿಲ್ಲ, ಅವರ ತಾಯಿಯ ಭಕ್ತಿ ಅಷ್ಟು ದಪ್ಪ. ಬಾಗಿಲಿಗೆ ಬಂದು ಹಾದಿಯಲ್ಲಿ ಹೋಗುವವರನ್ನು ಕರೆದೆ. ಹಾಲಿನವಳು ಬಂದಳು, ರಿಕ್ಷಾದವನು ಬಂದ, ಸಾಲಿ ಮಾಸ್ತರರು ಸೈಕಲ್ ನಿಲ್ಲಿಸಿ ಬಂದರು. ಬಂದವರೆಲ್ಲ ಬಗ್ಗಿ ಲ್ಯಾಪ್‌ಟಾಪಿನಿಂದ ವಿಭೂತಿ ತೊಗೊಂಡು ಹೋದರು. ವಿಭೂತಿ ಕರಗಿದಂತೆ ಕೀಲಿಗಳು ಒಂದೊಂದೇ ಮೇಲೆದ್ದು ಕಂಡವು. ಕೊನೆಗೆ ಮೂಲೆಯಲ್ಲಿ ಬಟನ್ನೂ ಕಂಡಿತು. ಸಂದುಗಳಲ್ಲಿ ಉಳಿದ ಪುಡಿಗೆ ಸೊಸೆ ಬ್ಲೋವರ್ ಹಿಡಿದು ಬಟನ್ ಒತ್ತಿದಳು. ಪಡಸಾಲೆಯೆಲ್ಲ ಬಿಳೀ ಮೋಡ. ಮೋಡ ಇಳಿದಾಗ ಲ್ಯಾಪ್‌ಟಾಪ್ ಝಗ್ ಅಂತ ಹತ್ತಿತ್ತು, ನಾವೆಲ್ಲ ಕೈಲಾಸದಿಂದ ಈಗಷ್ಟೇ ಇಳಿದವರ ಹಾಗೆ ನಿಂತಿದ್ದೆವು.

ಅಷ್ಟು ಹೊತ್ತಿಗೆ ಬಸ್ಸಿಳಿದು ಬಂದ ಪರವೂರಿನ ಹೆಣ್ಣುಮಗಳೊಬ್ಬಳು ನನ್ನ ಕಾಲಿಗೆ ಬಿದ್ದು ಕೇಳಿದಳು: "ಅಪ್ಪಾರ, ಇದು ಯಾವ ಮಠರೀ?"

ನಾನು ಬಾಯಿ ತೆರೆಯುವುದರೊಳಗೆ, ತಲೆಯಿಂದ ಕಾಲಿನವರೆಗೆ ಬೂದಿಯಾಗಿದ್ದ ನಮ್ಮ ಮುದುಕಿ ಅಡುಗೆಮನೆಯಿಂದ ಹೊರಗೆ ಬಂದು ಹೇಳಿದಳು: "ಪಾಡ್ಯಕ್ಕ ಖಾಲಿ ಆಗೂ ಮಠ!"

ಹೆಲ್ಮೆಟ್ ತೆಗೆಯದ ಗಿರಾಕಿ

ಬಂತು ನೋಡಿ ದೀಪಾವಳಿ. ವಿಭೂತಿ ತೊಗೊಂಡು ಹೋದ ಊರವರಲ್ಲಿ ಒಬ್ಬರೂ ಲ್ಯಾಪ್‌ಟಾಪ್ ತರಲಿಲ್ಲ. ಪಾಡ್ಯದ ಹಿಂದಿನ ದಿನ ಮಧ್ಯಾಹ್ನ ಮುದುಕಿ ಉದ್ದಿನ ಹಿಟ್ಟು ಬೀಸಿಸಿಕೊಂಡು ಬಂದು ಪಡಸಾಲೆಯ ಹೊಸ್ತಿಲಲ್ಲೇ ಇಟ್ಟಳು. ಸೊಸೆ ತನ್ನ ಸ್ಕ್ರೂಡ್ರೈವರುಗಳನ್ನು ಡಬ್ಬಿಗೆ ತುಂಬತೊಡಗಿದಳು. ಅವಳ ಮುಖ ನೋಡಲಾಗದೆ ನಾನು ಬೀದಿ ನೋಡುತ್ತ ಕೂತೆ. ಸುಳ್ಳು ಹೇಳುವುದಿಲ್ಲ, ಆವತ್ತು ನನ್ನ ಬಾಯಿಗೂ ಬೀಗ ಬಿದ್ದಿತ್ತು.

ಆಗ ಒಂದು ಬೈಕು ಬಂದು ನಿಂತಿತು. ಇಳಿದವನು ಹೆಲ್ಮೆಟ್ ತೆಗೆಯಲಿಲ್ಲ. ಗಾಜೂ ಎತ್ತಲಿಲ್ಲ. ಆ ಕಡೆ ಈ ಕಡೆ ನೋಡಿ ಗಡಬಡಿಸಿ ಒಳಗೆ ಬಂದು, ಅಂಗಿಯೊಳಗಿಂದ ಲ್ಯಾಪ್‌ಟಾಪ್ ತೆಗೆದ.

"ಚಾಲೂ ಆಗವಲ್ದು," ಹೆಲ್ಮೆಟ್ಟಿನೊಳಗಿಂದ ದನಿ ಬಾವಿಯಿಂದ ಬಂದ ಹಾಗೆ ಬಂತು.

ಮುದುಕಿ ಒಳಗಿನಿಂದ ಕೂಗಿದಳು: "ಯಾವ ಊರು ಕೇಳ್ರಿ!"

"ಯಲ್ಲಾಪುರ," ಎಂದಿತು ಹೆಲ್ಮೆಟ್ಟು.

ಹೊಸ್ತಿಲಾಚೆಯಿಂದಲೇ ಮುದುಕಿ ಹಿಟ್ಟಿಗೆ ನೀರು ಹಾಕಿದ ಸದ್ದು ಕೇಳಿಸಿತು.

ಸೊಸೆ ಆದರೂ ಕೂತಳು. ಬಟನ್ ಒತ್ತಿದಳು. ಕಪ್ಪು. ಮತ್ತೊಮ್ಮೆ ಒತ್ತಿದಳು. ಕಪ್ಪು.

"ಬ್ಯಾಟರಿ ಬದಲ ಮಾಡಿ ನೋಡೇನ್ರಿ," ಎಂದಿತು ಹೆಲ್ಮೆಟ್ಟು. "ರ್‍ಯಾಮ್ ತೆಗೆದು ಹಾಕೇನಿ. ಬೋರ್ಡ್ ಚೆಕ್ ಮಾಡೇನಿ. ಎಲ್ಲಾ ಬಿಚ್ಚಿ ಮತ್ತ ಕೂಡಿಸೇನಿ."

"ಅಣ್ಣಾರಿಗೆ ಭಾಳ ಗೊತ್ತೈತಲ್ಲ?" ಎಂದಳು ಸೊಸೆ.

"ಅಂದ್ರ... ಯಾರೋ ಹಿಂಗ ಮಾಡು ಅಂದಿದ್ರು."

ನಾನು ಲ್ಯಾಪ್‌ಟಾಪಿನ ಬೆನ್ನಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಬೀಗ ಬಿದ್ದ ಬಾಯಿ ತೆರೆಯಿತು.

"ಯವ್ವಾ, ಸತ್ತದ್ದು ಬೆಚ್ಚಗ ಇರತೈತೇನು? ಇದು ಸತ್ತಿಲ್ಲ. ಕತ್ತಲ್ಯಾಗ ಕುಂತೈತಿ ಅಷ್ಟ!"

ಸೊಸೆ ನನ್ನನ್ನೊಮ್ಮೆ ನೋಡಿದಳು. ಡಬ್ಬಿಯಿಂದ ಟಾರ್ಚ್ ತೆಗೆದು ಪರದೆಯ ಮೇಲೆ ಅಡ್ಡಡ್ಡ ಬೆಳಕು ಬಿಟ್ಟಳು. ಆ ಬೆಳಕಿನಲ್ಲಿ ಕಪ್ಪಿನ ಒಳಗೆ ಏನೋ ನೆರಳು ಕಾಣಿಸಿತು.

"ಅಣ್ಣಾ, ಹಬ್ಬಕ್ಕ ಧೂಳಾ ಹೊಡದ್ರೇನು?"

"ಹೂನ್ರಿ. ಅಂಗಡಿ... ಅಂದ್ರ ಮನಿ ಸ್ವಚ್ಛ ಮಾಡುವಾಗ ಇದನ್ನೂ ಬಟ್ಟಿಲೆ ತಿಕ್ಕಿ ಒರಸಿದೆ."

"ಒರಸುವಾಗ ಬೆಳಕು ಕಡಿಮಿ ಮಾಡೂ ಕೀಲಿ ಒತ್ತೈತಿ. ಬೆಳಕು ಪೂರಾ ಇಳದೈತಿ. ಬ್ಯಾರೆ ಏನೂ ಆಗಿಲ್ಲ," ಎಂದು ಸೊಸೆ ಒಂದು ಕೀಲಿಯನ್ನು ಟಪಟಪ ಒತ್ತಿದಳು.

ಬೆಳಕು ಏರಿತು. ಪರದೆಯ ತುಂಬ ಒಂದು ಫೋಟೋ ಎದ್ದು ನಿಂತಿತು. ದೊಡ್ಡ ಅಂಗಡಿ, ಗಾಜಿನ ಬಾಗಿಲು, ಬಾಗಿಲ ಮುಂದೆ ಕೈಮುಗಿದು ನಿಂತ ಮನುಷ್ಯ, ತಲೆಯ ಮೇಲೆ ಬೋರ್ಡು. ನಾನು ಕೈಬೆರಳಿಟ್ಟು ಗಟ್ಟಿಯಾಗಿ ಓದಿದೆ:

"ಎಂಥ... ಲ್ಯಾಪ್‌ಟಾಪ್... ಇರಲಿ... ಕ್ಷಣದಲ್ಲಿ... ರಿಪೇರಿ."

ಹೆಲ್ಮೆಟ್ಟಿನ ಗಾಜಿಗೆ ಒಳಗಿನಿಂದ ಮಬ್ಬು ಕವಿಯಿತು.

ಅದೇ ಹೊತ್ತಿಗೆ ಮುದುಕಿ ಚಹಾ ತಂದಳು, ಯಾವ ಊರಿನವರಾದರೂ ಬಂದವರಿಗೆ ಚಹಾ ಕೊಡದೆ ಕಳಿಸುವವಳಲ್ಲ. ಪರದೆ ನೋಡಿದಳು. ಹೆಲ್ಮೆಟ್ಟು ನೋಡಿದಳು. ಮತ್ತೆ ಪರದೆ ನೋಡಿದಳು.

"ಅಂಗಿ ಅದ ಐತಲ್ಲ?"

ಹೆಲ್ಮೆಟ್ಟು ಬಾಗಿಲ ಕಡೆ ತಿರುಗಿತು.

"ಅದನ್ನ ತೆಗೀರಿ ತಮ್ಮಾ. ಗಾಜಿನ ಮ್ಯಾಲಿಂದ ಚಾ ಹೆಂಗ ಕುಡೀತೀರಿ?"

ಮೆಲ್ಲಗೆ ಹೆಲ್ಮೆಟ್ಟು ಮೇಲೇರಿತು. ಕೆಳಗಿನಿಂದ ಮೇನ್ ರೋಡಿನ ಅಂಗಡಿಯವನ ಮುಖ ಇಳಿಯಿತು, ಬೆವರಿನಲ್ಲಿ ಮಿಂದು.

ಮುದುಕಿ ಚಹಾದ ಕಪ್ಪು ಕೈಯಲ್ಲೇ ಹಿಡಿದುಕೊಂಡಳು. "ಯಲ್ಲಾಪುರ ಅಂದ್ರಿ?"

"ಅಲ್ರಿ ಅವ್ವಾರ."

"ಮತ್ತ ಯಾವ ಊರು?"

"ದಾಂಡೇಲಿ."

"ಕೇಳಲಿಲ್ಲ. ಬಾಯಿ ತುಂಬ ಹೇಳ್ರಿ."

"ದಾಂಡೇಲಿರೀ! ಖಾಸ ದಾಂಡೇಲಿ! ಇಲ್ಲೇ ಹುಟ್ಟೇನಿ!"

ಮುದುಕಿ ಚಹಾ ಕೊಟ್ಟಳು. ಸೊಸೆಯ ಕಡೆ ತಿರುಗಿ, "ಆ ಡಬ್ಬಿ ಯಾಕ ತುಂಬಾಕತ್ತಿ? ತೆಗದಿಡು, ನಾಳಿಂದ ಗಿರಾಕಿ ಹೆಚ್ಚಾಗ್ತಾರ," ಎಂದು ಹೊಸ್ತಿಲಲ್ಲಿದ್ದ ಹಿಟ್ಟಿನ ಪಾತ್ರೆಯನ್ನು ತಾನೇ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸೊಸೆ ನಕ್ಕದ್ದು ಹೇಗಿತ್ತೆಂದರೆ, ಓಣಿಯಲ್ಲಿ ಹಬ್ಬದ ಪಣತಿ ಹೊತ್ತು ಮುಳುಗುವ ಮೊದಲೇ ಹತ್ತಿದವು ಅಂತ ನಾನಂತೂ ಆಣೆ ಮಾಡಿ ಹೇಳುತ್ತೇನೆ.

ಅಂಗಡಿಯವನು ಹೋಗುವಾಗ ನನ್ನ ಎರಡೂ ಕೈ ಹಿಡಿದ. "ಅಜ್ಜಾರ, ನಿಮ್ಮ ಕಾಲಿಗೆ ಬೀಳ್ತೇನಿ, ಇದನ್ನ ಯಾವ ಮನುಷ್ಯಾನ ಮುಂದನೂ ಹೇಳಬ್ಯಾಡ್ರಿ."

ಮಾತು ಕೊಟ್ಟೆ. ನಾನು ಕೊಟ್ಟ ಮಾತಿಗೆ ತಪ್ಪುವವನಲ್ಲ, ಇವತ್ತಿನವರೆಗೂ ಒಬ್ಬ ಮನುಷ್ಯನ ಮುಂದೆ ತುಟಿ ಎರಡು ಮಾಡಿಲ್ಲ. ಈಗಿನ ಲ್ಯಾಪ್‌ಟಾಪಿನ ಮುಂದೆ ಕೂತು ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ ಅಂತ ಸೊಸೆ ತೋರಿಸಿಕೊಟ್ಟಳು. ನಾನು ಹೇಳಿದ್ದು ಅದೊಂದಕ್ಕೇ. ಅದು ಹೋಗಿ ನಿಮಗೆ ಹೇಳಿದರೆ ನಾನೇನು ಮಾಡಲಿ?